ದುರಸ್ತಿಯೂ ಮಾರ್ಪಾಡೂ: ಹಳೆಯ ಜರ್ಮನ್ ಕಾರುಗಳ ಹವ್ಯಾಸ

ಕನ್ನಡ ಶಾಸನಗಳನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಅಪರಿಚಿತವಲ್ಲ. ದೇಗುಲಕ್ಕೆ ಭೂಮಿಯನ್ನು ದತ್ತಿಯಾಗಿ ಬಿಡುವಾಗ ಪೂಜೆ, ನೈವೇದ್ಯಗಳ ಜೊತೆಗೆ ಮುರಿದುದನ್ನೂ ಬಿರುಕುಬಿಟ್ಟುದನ್ನೂ ಸರಿಪಡಿಸುವ ವೆಚ್ಚಕ್ಕೂ ದಾನಿಗಳು ಏರ್ಪಾಟು ಮಾಡುತ್ತಿದ್ದರು. ಕಟ್ಟುವುದು ಒಮ್ಮೆಯ ಕೆಲಸ, ಕಾಪಾಡುವುದು ತಲೆಮಾರುಗಳ ಕೆಲಸ ಎಂಬ ತಿಳಿವು ಆ ಮಾತಿನಲ್ಲಿದೆ. ಯಂತ್ರಗಳಿಗೂ ಈ ತಿಳಿವು ಸಲ್ಲುತ್ತದೆ. ಹಳೆಯ ಜರ್ಮನ್ ಕಾರುಗಳನ್ನು ದುರಸ್ತಿಗೊಳಿಸಿ, ಬೇಕಾದಂತೆ ಮಾರ್ಪಡಿಸಿ ಓಡಿಸುವ ಹವ್ಯಾಸವನ್ನು ಈ ದೃಷ್ಟಿಯಿಂದ ನೋಡಿದರೆ, ಅದು ಉಳ್ಳವರ ಶೋಕಿಗಿಂತ ಹೆಚ್ಚಿನದೆಂದು ಗೊತ್ತಾಗುತ್ತದೆ.

ಈ ಹವ್ಯಾಸದ ಬೇರು ಮೋಟಾರು ವಾಹನದ ಹುಟ್ಟಿನಷ್ಟೇ ಹಳೆಯದು. ಕಾರ್ಲ್ ಬೆಂಜ್ ತನ್ನ ಮೂರು ಗಾಲಿಯ ವಾಹನಕ್ಕೆ ಹಕ್ಕುಪತ್ರ ಕೋರಿದ್ದು 1886ರ ಜನವರಿ 29ರಂದು. 1888ರ ಆಗಸ್ಟಿನಲ್ಲಿ ಅವನ ಪತ್ನಿ ಬೆರ್ತಾ, ಗಂಡನಿಗೆ ತಿಳಿಸದೆ, ಇಬ್ಬರು ಗಂಡುಮಕ್ಕಳೊಡನೆ ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಆ ವಾಹನದಲ್ಲಿ ಹೊರಟಳು. ದೂರ ನೂರು ಕಿಲೋಮೀಟರಿಗೂ ತುಸು ಹೆಚ್ಚು. ರಾಯಚೂರಿನಿಂದ ಕೃಷ್ಣೆಯನ್ನು ದಾಟಿ ಮಕ್ತಲ್ ಮಾರ್ಗವಾಗಿ ಮಹಬೂಬನಗರ ತಲುಪುವಷ್ಟು. ಇಂಧನದ ನಳಿಕೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಅದನ್ನು ಬಿಡಿಸಿದಳು. ಬ್ರೇಕಿನ ಮರದ ತುಂಡು ಸವೆದಾಗ ಚಮ್ಮಾರನೊಬ್ಬನಿಂದ ಅದಕ್ಕೆ ತೊಗಲು ಹೊದಿಸಿಸಿದಳು. ಇಂಧನವನ್ನು ವೀಸ್‌ಲಾಖ್ ಎಂಬ ಊರಿನ ಔಷಧದಂಗಡಿಯಲ್ಲಿ ಕೊಂಡಳು. ದಿಬ್ಬಗಳಲ್ಲಿ ವಾಹನ ಏರದೆ ಮಕ್ಕಳು ತಳ್ಳಬೇಕಾಯಿತು. ಆ ಅನುಭವದಿಂದಲೇ ಏರುದಾರಿಗೆ ಇನ್ನೊಂದು ಗೇರು ಬೇಕೆಂಬ ಸಲಹೆ ಬಂತು. ಹೀಗೆ ಕಾರಿನ ಮೊದಲ ದೂರಪಯಣದಲ್ಲಿಯೇ ದುರಸ್ತಿಯೂ ಇತ್ತು, ಮಾರ್ಪಾಡಿನ ಯೋಚನೆಯೂ ಇತ್ತು.

ನಾರಾಯಣಪೇಟೆ, ಗದ್ವಾಲಗಳ ಹೆಸರು ಹೊರಗೆ ಹಬ್ಬಿರುವುದು ಸೀರೆಗಳಿಂದ, ಕಾರುಗಳಿಂದಲ್ಲ. ಆದರೂ ಜರ್ಮನ್ ಯಂತ್ರವಿದ್ಯೆಗೆ ಈ ಗಡಿಸೀಮೆ ದೂರದ್ದಾಗಿರಲಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಹೈದರಾಬಾದು ರಾಜ್ಯದ ರಾಯಚೂರು ಜಿಲ್ಲೆಗೆ ಸೇರಿದ್ದವು. ಆ ಪುನರ್ವಿಂಗಡಣೆಗೆ ಎರಡು ವರ್ಷ ಮೊದಲು, 1954ರಲ್ಲಿ, ಟೆಲ್ಕೊ ಸಂಸ್ಥೆಯು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಜಮ್ಶೆಡ್‌ಪುರದಲ್ಲಿ ಲಾರಿಗಳನ್ನು ತಯಾರಿಸತೊಡಗಿತು. 1969ರವರೆಗೆ ನಡೆದ ಆ ಸಹಯೋಗದ ‘ಟಾಟಾ ಮರ್ಸಿಡಿಸ್-ಬೆಂಜ್’ ಲಾರಿಗಳು ದೇಶದ ಹೆದ್ದಾರಿಗಳಲ್ಲೆಲ್ಲ ಓಡಿದವು. ಅದಕ್ಕೂ ಮೊದಲು, 1951ರಲ್ಲಿ, ಜರ್ಮನಿಯ ಬಾಷ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ‘ಮೈಕೊ’ ಸ್ಥಾಪನೆಯಾಗಿ, ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಪಂಪುಗಳನ್ನೂ ತಯಾರಿಸತೊಡಗಿತ್ತು. ಭಾರತದ ಸಣ್ಣ ಊರುಗಳ ಮೇಸ್ತ್ರಿಗಳಿಗೆ ಜರ್ಮನ್ ಎಂಜಿನ್ನು ಮೊದಲು ಪರಿಚಯವಾದದ್ದು ಐಷಾರಾಮಿ ಕಾರಿನ ಮೂಲಕವಲ್ಲ, ಭತ್ತ, ಶೇಂಗಾ ಹೊರುವ ಲಾರಿಯ ಮೂಲಕ. ಕನ್ನಡ ವಿದ್ಯಾರ್ಥಿಗೆ ಜರ್ಮನಿ ಎಂದೊಡನೆ 1894ರ ಕಿಟೆಲ್ ನಿಘಂಟು ನೆನಪಾಗುತ್ತದೆ. ಲಾರಿಯ ಮೇಸ್ತ್ರಿಗೆ ನೆನಪಾಗುವುದು ಪಂಪು ಮತ್ತು ನಾಜಲ್ಲು.

ಆ ಮೇಸ್ತ್ರಿಯ ಭಾಷೆಯೂ ಗಮನಾರ್ಹವಾದುದು. ‘ಮೇಸ್ತ್ರಿ’ ಮತ್ತು ‘ಚಾವಿ’ ಪೋರ್ಚುಗೀಸಿನಿಂದ ಬಂದವು. ‘ಪೇಚು’ ಮತ್ತು ‘ದುರಸ್ತಿ’ ಪಾರಸಿಯಿಂದ, ‘ಮರಮ್ಮತ್ತು’ ಅರಬ್ಬಿ ಮೂಲದಿಂದ, ‘ಗ್ಯಾರೇಜು’ ಫ್ರೆಂಚಿನಿಂದ ಇಂಗ್ಲಿಷಿನ ಮೂಲಕ ಬಂದವು. ಹೆಚ್ಚುವರಿ ಚಕ್ರಕ್ಕೆ ಹೇಳುವ ‘ಸ್ಟೆಪ್ನಿ’ ವೇಲ್ಸಿನ ಒಂದು ಬೀದಿಯ ಹೆಸರು. ಆ ಬೀದಿಯಲ್ಲಿ ಬಿಡಿಚಕ್ರಗಳನ್ನು ತಯಾರಿಸುತ್ತಿದ್ದ ಕಂಪನಿಯಿಂದ ಅದು ಹರಡಿತು. ‘ಡೀಸೆಲ್’ ಎಂಬುದಂತೂ ರುಡೋಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರನ ಹೆಸರೇ. ಕನ್ನಡ, ತೆಲುಗು, ದಖನಿ ಉರ್ದು ಮೂರೂ ಕಿವಿಗೆ ಬೀಳುವ ಮಕ್ತಲಿನಂಥ ಊರಿನಲ್ಲಿ ದುರಸ್ತಿಯ ಅಂಗಳವು ಪದಗಳ ಕೊಡುಕೊಳೆಯ ಅಂಗಳವೂ ಆಗಿರುತ್ತದೆ. ಭಾಷಾವಿಜ್ಞಾನದ ಪಾಠದಲ್ಲಿ ‘ಅನ್ಯದೇಶ್ಯ’ ಎಂದು ಪಟ್ಟಿಯಾಗಿ ಬರುವ ಶಬ್ದಗಳಿಗೆ ಅಲ್ಲಿ ಕೈಯೂ ಕೆಲಸವೂ ಇವೆ.

ಹವ್ಯಾಸಿಗಳು ಹೆಚ್ಚಾಗಿ ಒಲಿಯುವ ಹಳೆಯ ಜರ್ಮನ್ ಕಾರುಗಳಲ್ಲಿ ಮೂರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮೊದಲನೆಯದು ಫೋಕ್ಸ್‌ವ್ಯಾಗನ್ ಬೀಟಲ್. ಫರ್ಡಿನೆಂಡ್ ಪೋರ್ಷೆ ರೂಪಿಸಿದ ಈ ಕಾರಿನ ತಯಾರಿಕೆ 2003ರಲ್ಲಿ ಮೆಕ್ಸಿಕೊದಲ್ಲಿ ಕೊನೆಗೊಳ್ಳುವ ಹೊತ್ತಿಗೆ 2.1 ಕೋಟಿಗೂ ಹೆಚ್ಚು ಕಾರುಗಳು ಹೊರಬಂದಿದ್ದವು. ಎರಡನೆಯದು ಮರ್ಸಿಡಿಸ್‌ನ ಡಬ್ಲ್ಯೂ 123 ಮಾದರಿ. 1976ರಿಂದ ಸುಮಾರು ಹತ್ತು ವರ್ಷಗಳಲ್ಲಿ 27 ಲಕ್ಷದಷ್ಟು ತಯಾರಾದ ಇದು ಹಲವು ದೇಶಗಳಲ್ಲಿ ಟ್ಯಾಕ್ಸಿಯಾಗಿ ದುಡಿದಿದೆ. ಮೂರನೆಯದು ಅದರ ಉತ್ತರಾಧಿಕಾರಿಯಾದ ಡಬ್ಲ್ಯೂ 124. 1995ರಲ್ಲಿ ಪುಣೆಯಲ್ಲಿ ಇದರ ಜೋಡಣೆ ಆರಂಭವಾದುದರಿಂದ ಭಾರತದಲ್ಲಿ ಹಳೆಯ ಜರ್ಮನ್ ಕಾರು ಬಯಸುವವರ ಕೈಗೆ ಎಟುಕುವಂಥದು ಇದು.

ಇವು ದುರಸ್ತಿಗೆ ಒಗ್ಗುವುದೇಕೆ? ಬೀಟಲಿನಲ್ಲಿ ನೀರು ತುಂಬುವ ರೇಡಿಯೇಟರೇ ಇಲ್ಲ. ಹಿಂಬದಿಯಲ್ಲಿರುವ ಎಂಜಿನ್ನನ್ನು ಗಾಳಿಯೇ ತಂಪುಗೊಳಿಸುತ್ತದೆ. ಗಾಳಿ ಬೀಸುವ ಫ್ಯಾನು ಮತ್ತು ವಿದ್ಯುತ್ತು ಕೊಡುವ ಡೈನಮೊ ಎರಡನ್ನೂ ಒಂದೇ ಬೆಲ್ಟು ತಿರುಗಿಸುತ್ತದೆ. ಆದ್ದರಿಂದ ಓಡುವಾಗ ವಿದ್ಯುತ್ತಿನ ಕೆಂಪು ದೀಪ ಹೊತ್ತಿಕೊಂಡರೆ ಅದನ್ನು ಬ್ಯಾಟರಿಯ ದೂರೆಂದಷ್ಟೇ ಬಗೆಯಬಾರದು. ಬೆಲ್ಟು ಹರಿದಿದ್ದರೆ ಗಾಳಿಯೂ ನಿಂತಿರುತ್ತದೆ. ಕೂಡಲೇ ನಿಲ್ಲಿಸದಿದ್ದರೆ ಎಂಜಿನ್ನು ಸುಡುತ್ತದೆ. ಕೃಷ್ಣಾ ತುಂಗಭದ್ರೆಗಳ ನಡುವಣ ನಾಡಿನ ಬೇಸಿಗೆಯಲ್ಲಿ ಈ ಒಂದು ತಿಳಿವು ಎಂಜಿನ್ನನ್ನು ಉಳಿಸಬಲ್ಲುದು.

ಡಬ್ಲ್ಯೂ 123ರ ಡೀಸೆಲ್ ಎಂಜಿನ್ನಿನ ತತ್ತ್ವವೂ ಸರಳವಾದುದು. ಒಳಗೆಳೆದ ಗಾಳಿಯನ್ನು ಮೂಲ ಗಾತ್ರದ ಸುಮಾರು 21ನೆಯ ಒಂದು ಪಾಲಿಗೆ ಒತ್ತಿದಾಗ ಅದು ಬಹಳ ಕಾಯುತ್ತದೆ. ಆಗ ಪಂಪು ಅಳೆದು ಚಿಮ್ಮಿಸುವ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ, ಕಿಡಿ ಬೇಕಿಲ್ಲ. ಒಮ್ಮೆ ಹೊತ್ತಿಕೊಂಡ ಮೇಲೆ ಎಂಜಿನ್ನು ಓಡುವುದಕ್ಕೆ ವಿದ್ಯುತ್ತೂ ಬೇಕಿಲ್ಲ. ಹಾಗಾದರೆ ನಿಲ್ಲಿಸುವುದು ಹೇಗೆ? ಚಾವಿ ತಿರುಗಿಸಿದಾಗ ನಿರ್ವಾತದ ಎಳೆತವೊಂದು ತೆಳುವಾದ ಕೊಳವೆಯ ಮೂಲಕ ಪಂಪನ್ನು ತಲುಪಿ ಇಂಧನವನ್ನು ತಡೆಯುತ್ತದೆ. ಬಾಗಿಲುಗಳ ಬೀಗ ಕೆಲಸ ಮಾಡುವುದೂ ಅದೇ ನಿರ್ವಾತದಿಂದ. ಇದರ ಫಲವಾಗಿ ಹಿಂಬಾಗಿಲಿನ ಒಳಗೆಲ್ಲೋ ರಬ್ಬರು ಬಿರಿದು ಗಾಳಿ ಸೋರಿದರೆ, ಚಾವಿ ತೆಗೆದರೂ ಎಂಜಿನ್ನು ನಿಲ್ಲದಿರಬಹುದು. ಅರಿಯದವನು ಪಂಪು ಬಿಚ್ಚಿ ಹಣ ಕಳೆಯುತ್ತಾನೆ. ಅರಿತವನು ಮೊದಲು ಬಾಗಿಲಿನ ಕೊಳವೆಯನ್ನು ಪರೀಕ್ಷಿಸುತ್ತಾನೆ. ಲಕ್ಷಣ ಒಂದೆಡೆ, ಕಾರಣ ಇನ್ನೊಂದೆಡೆ. ಹೊಸ ಕಾರಿನಲ್ಲಿ ಈ ಹುಡುಕಾಟದ ಬಹುಪಾಲನ್ನು ಗಣಕ ಮಾಡುತ್ತದೆ. ಹಳೆಯ ಕಾರಿನಲ್ಲಿ ಅದು ಕಿವಿ, ಬೆರಳು, ಮೂಗುಗಳ ಕೆಲಸ.

ದುರಸ್ತಿಗೂ ಮಾರ್ಪಾಡಿಗೂ ಇರುವ ಅಂತರವನ್ನು ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಸುಲಭವಾಗಿ ವಿವರಿಸಬಹುದು. ಓಲೆಗರಿಯ ಕಾವ್ಯದಂತೆ ಹಳೆಯ ಕಾರೂ ಹಲವು ಕೈಗಳನ್ನು ದಾಟಿ ಬಂದಿರುತ್ತದೆ. ಲಿಪಿಕಾರನ ಸ್ಖಾಲಿತ್ಯದಂತೆ ಅದರಲ್ಲಿ ತಪ್ಪು ಜೋಡಣೆಗಳಿರುತ್ತವೆ. ಕಳೆದುಹೋದ ಬಿಡಿಭಾಗ ಲೋಪ. ಬೇರೊಂದು ಕಾರಿನಿಂದ ತಂದು ಕೂರಿಸಿದ ಭಾಗ ಪ್ರಕ್ಷೇಪ. ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳು ಗ್ರಂಥಾಂತ್ಯದ ಲಿಪಿಕಾರನ ಬರಹದಂತೆ ಕಾಲ ದೇಶಗಳನ್ನು ತಿಳಿಸುತ್ತವೆ. ನೋಂದಣಿ ಫಲಕವೂ ಚರಿತ್ರೆಯನ್ನು ಹೇಳುತ್ತದೆ. ಗದ್ವಾಲದ ವಾಹನಗಳ ಮೇಲೆ ‘ಎಪಿ’ ಇದ್ದ ಕಾಲ, 2014ರ ನಂತರ ‘ಟಿಎಸ್’ ಬಂದ ಕಾಲ, 2024ರಿಂದ ‘ಟಿಜಿ’ ಆದ ಕಾಲ ಎಂದು ಸ್ತರಗಳನ್ನು ಗುರುತಿಸಬಹುದು. ಸಂಪಾದಕನು ಮೂಲಪಾಠಕ್ಕೆ ಹತ್ತಿರ ಹೋಗಲು ಯತ್ನಿಸುವಂತೆ, ಜೀರ್ಣೋದ್ಧಾರಕನು ಕಾರ್ಖಾನೆಯಿಂದ ಹೊರಬಂದ ಸ್ಥಿತಿಗೆ ಹತ್ತಿರ ಹೋಗಲು ಯತ್ನಿಸುತ್ತಾನೆ.

ಆದರೆ ಎಲ್ಲ ಮಾರ್ಪಾಡೂ ಕೇಡಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆ, ಮಾಡಿದುದನ್ನು ಮತ್ತೆ ಬಿಚ್ಚಲು ಬರುತ್ತದೆಯೇ ಎಂಬುದು. ಬೀಟಲಿನ ಹಳೆಯ 6 ವೋಲ್ಟಿನ ವಿದ್ಯುತ್ ವ್ಯವಸ್ಥೆಯನ್ನು 12 ವೋಲ್ಟಿಗೆ ಬದಲಿಸಿದರೆ ದೀಪಗಳು ಪ್ರಖರವಾಗುತ್ತವೆ; ಕಳಚಿದ ಭಾಗಗಳನ್ನು ಜೋಪಾನವಾಗಿಟ್ಟರೆ ಹಿಂದಿನ ಸ್ಥಿತಿಗೆ ಮರಳಲೂ ಬರುತ್ತದೆ. ಇದು ಅಡಿಟಿಪ್ಪಣಿಯಲ್ಲಿ ಕೊಟ್ಟ ಪಾಠಾಂತರದಂತೆ. ಚಾಸಿಸನ್ನೇ ಕತ್ತರಿಸಿ ಬೇರೆ ಎಂಜಿನ್ನು ಕೂರಿಸುವುದು ಓಲೆಯನ್ನೇ ಕತ್ತರಿಸಿದಂತೆ. ಬೇರೆ ಜಾತಿಯ ವಸ್ತುಗಳನ್ನು ಬೆಸೆಯಲೇಬೇಕಾದಾಗ ಗದ್ವಾಲದ ನೇಕಾರರು ದಾರಿ ತೋರುತ್ತಾರೆ. ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ಎಳೆಗೆ ಎಳೆ ತೊಡರಿಸಿ ಕೂಡಿಸುವ ಆ ಸೀರೆಯಲ್ಲಿ, ಎರಡೂ ತಮ್ಮ ಗುಣ ಬಿಡುವುದಿಲ್ಲ, ಕೂಡಿಕೆಯೂ ಸಡಿಲಾಗುವುದಿಲ್ಲ.

ಕಾನೂನು ಈ ವಿಷಯದಲ್ಲಿ ಇನ್ನಷ್ಟು ಬಿಗಿಯಾಗಿದೆ. ತಯಾರಕನ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವಂತಿಲ್ಲವೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಹೇಳುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಬಳಿಕ ಪರೀಕ್ಷೆಗೊಳಪಟ್ಟು ಐದೈದು ವರ್ಷಕ್ಕೆ ನವೀಕರಿಸಬೇಕು. ಒಂದು ರಾಜ್ಯದಲ್ಲಿ ನೋಂದಾಯಿತವಾದ ಕಾರನ್ನು ಇನ್ನೊಂದರಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವವರು ಅಲ್ಲಿನ ನೋಂದಣಿ ಪಡೆಯಬೇಕು. ರಾಯಚೂರಿನಲ್ಲಿ ಕೊಂಡು ಮಕ್ತಲಿನಲ್ಲಿ ಇಡುವವರಿಗೆ ಇದು ಕೇವಲ ಪುಸ್ತಕದ ನಿಯಮವಲ್ಲ. 2021ರ ನಿಯಮಗಳ ಪ್ರಕಾರ 50 ವರ್ಷ ದಾಟಿದ, ಚಾಸಿಸ್, ಒಡಲು, ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆಯಾಗದ ವಾಹನವನ್ನು ‘ವಿಂಟೇಜ್’ ಎಂದು ನೋಂದಾಯಿಸಿ ‘ವಿಎ’ ಅಕ್ಷರಗಳ ಫಲಕ ಪಡೆಯಬಹುದು. ಅಂಥ ವಾಹನವನ್ನು ಪ್ರದರ್ಶನ, ಮೆರವಣಿಗೆ, ದುರಸ್ತಿ ಮೊದಲಾದವುಗಳಿಗೆ ಮಾತ್ರ ರಸ್ತೆಗೆ ತರಬಹುದು, ನಿತ್ಯದ ಓಡಾಟಕ್ಕಲ್ಲ. ಇಂದಿನ ಅವಸರದ ಮಾರ್ಪಾಡು ಮುಂದೆ ಆ ಮನ್ನಣೆಯನ್ನು ತಪ್ಪಿಸಬಲ್ಲುದು.

ಈ ಹವ್ಯಾಸಕ್ಕೆ ಆಕ್ಷೇಪಗಳಿಲ್ಲದಿಲ್ಲ. ಹಳೆಯ ಡೀಸೆಲ್ ಎಂಜಿನ್ನು ಹೊಸದಕ್ಕಿಂತ ಹೆಚ್ಚು ಹೊಗೆ ಉಗುಳುತ್ತದೆ. ಪ್ರಯಾಣಿಕರನ್ನು ಕಾಯುವ ಏರ್ಪಾಟುಗಳು ಹಳೆಯ ಕಾರುಗಳಲ್ಲಿ ಕಡಿಮೆ. ಬಿಡಿಭಾಗಗಳಿಗಾಗಿ ವ್ಯಯವಾಗುವ ಹಣದಲ್ಲಿ ಹೊಸ ವಾಹನವೇ ಬಂದೀತು. ಇವೆಲ್ಲ ನಿಜ. ಆದ್ದರಿಂದಲೇ ಹಳೆಯ ಕಾರು ನಿತ್ಯದ ಸಾರಿಗೆಗೆ ಉತ್ತರವಾಗಲಾರದು. ಆದರೆ ಅದನ್ನು ಗುಜರಿಗೆ ಹಾಕುವಾಗ ಲೋಹವೊಂದೇ ಕರಗುವುದಿಲ್ಲ. ಯಂತ್ರವನ್ನು ಬಿಚ್ಚಿ, ನೋಡಿ, ಅರ್ಥ ಮಾಡಿಕೊಳ್ಳಬಹುದೆಂಬ ಭರವಸೆಯೂ ಜೊತೆಗೆ ಕರಗುತ್ತದೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಗಳಿಗೂ ಹಳೆಯ ಕಾರುಗಳಿಗೂ ಸ್ಥಾನ ದೊರೆತಿದೆ. ಸಂಗ್ರಹಾಲಯವು ವಸ್ತುವನ್ನು ಕಾಪಾಡಬಲ್ಲುದು. ಅದನ್ನು ನಡೆಸುವ ಕೈತಿಳಿವನ್ನು ಕೈಯೇ ಕಾಪಾಡಬೇಕು.

ಆ ಕೈತಿಳಿವು ಬಹುಮಟ್ಟಿಗೆ ಬಾಯಿಂದ ಬಾಯಿಗೆ ಬಂದುದು. ತಯಾರಕರ ಕೈಪಿಡಿಗಳು ಜರ್ಮನ್, ಇಂಗ್ಲಿಷುಗಳಲ್ಲಿವೆ. ಪಂಪಿನ ಸದ್ದು ಕೇಳಿ ದೋಷ ಹೇಳುವ ಹಿರಿಯ ಮೇಸ್ತ್ರಿಯ ಅರಿವಿಗೆ ಕೈಪಿಡಿಯಿಲ್ಲ, ಪಠ್ಯಕ್ರಮದಲ್ಲಿ ಜಾಗವೂ ಇಲ್ಲ. ಅವನ ನಂತರದ ತಲೆಮಾರು ಗಣಕದ ಪರದೆಯನ್ನು ಓದಿ ಭಾಗ ಬದಲಿಸುವುದನ್ನು ಕಲಿಯುತ್ತಿದೆ, ಕಿವಿಗೊಟ್ಟು ಕೇಳುವುದನ್ನಲ್ಲ. ಜನಪದ ಗೀತೆಗಳನ್ನೂ ಗಾದೆಗಳನ್ನೂ ಕ್ಷೇತ್ರಕಾರ್ಯದಲ್ಲಿ ಸಂಗ್ರಹಿಸುವ ಕನ್ನಡ ವಿದ್ಯಾರ್ಥಿಗಳು ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ದುರಸ್ತಿ ಅಂಗಡಿಗಳಿಗೂ ಒಮ್ಮೆ ಟಿಪ್ಪಣಿ ಪುಸ್ತಕ ಹಿಡಿದು ಹೋಗಬಹುದು. ಉಪಕರಣದ ಹೆಸರು, ಅದನ್ನು ಯಾವ ಭಾಷೆಯವರು ಹೇಗೆ ಉಚ್ಚರಿಸುತ್ತಾರೆ, ಸದ್ದುಗಳನ್ನು ಯಾವ ಅನುಕರಣ ಪದಗಳಿಂದ ಗುರುತಿಸುತ್ತಾರೆ, ಯಾವ ದೋಷಕ್ಕೆ ಯಾವ ಮದ್ದು ಎಂಬಿಷ್ಟನ್ನು ಬರೆದುಕೊಂಡರೆ ಅದೊಂದು ವೃತ್ತಿಪದಕೋಶದ ಆರಂಭವಾದೀತು. ಮುರಿದುದನ್ನು ಸರಿಪಡಿಸಲು ದತ್ತಿ ಬಿಟ್ಟವರು ಅದನ್ನು ಕಲ್ಲಿನಲ್ಲಿ ಬರೆಸಿದರು. ಸರಿಪಡಿಸಿದವರ ಅರಿವನ್ನು ಬರೆದಿಡುವ ಕೆಲಸ ಇನ್ನೂ ಉಳಿದಿದೆ.