ಸೊನೌಲಿ: ನಡೆದು ದಾಟುವ ಗಡಿ

ಉತ್ತರ ಪ್ರದೇಶದ ಮಹಾರಾಜಗಂಜ್ ಜಿಲ್ಲೆಯ ಸೊನೌಲಿಯಲ್ಲಿ ಭಾರತ ಮುಗಿಯುತ್ತದೆ. ಉದ್ದಕ್ಕೆ ಒಂದೇ ರಸ್ತೆ, ಇಕ್ಕೆಲದಲ್ಲೂ ಅಂಗಡಿ, ಲಾಡ್ಜು, ನೋಟು ಬದಲಿಸುವವರ ಮೇಜು. ನಡುವೆ ನಮ್ಮದೊಂದು ಕಮಾನು, ಅದರಾಚೆ ನೇಪಾಳದ್ದೊಂದು. ನಮ್ಮ ಬೆಳ್ತಂಗಡಿ ತಾಲೂಕಿನ ಅಳದಂಗಡಿ ಪೇಟೆಯ ಈ ತುದಿಯಿಂದ ಆ ತುದಿಗೆ ನಡೆದಷ್ಟೇ ನಡಿಗೆ, ಅಷ್ಟರಲ್ಲಿ ದೇಶ ಬದಲಾಗಿರುತ್ತದೆ. ಆಚೆ ಬದಿಯ ಪೇಟೆಯ ಹೆಸರು ಬೇಲಹಿಯಾ. ಅಲ್ಲಿ ಕೈಗಡಿಯಾರವನ್ನು ಹದಿನೈದು ನಿಮಿಷ ಮುಂದಕ್ಕೆ ತಿರುಗಿಸಿಕೊಳ್ಳಬೇಕು.

ವಿದೇಶ ಪ್ರವಾಸವೆಂದರೆ ವಿಮಾನ, ವೀಸಾ, ಲಕ್ಷ ರೂಪಾಯಿ ಎಂದು ನಮ್ಮೂರ ಕಡೆ ಇರುವ ಅಂಜಿಕೆ ಇಲ್ಲಿ ಬೇಕಿಲ್ಲ. ಅಳದಂಗಡಿಯವರು ಗುರುವಾಯನಕೆರೆಗೆ ಬಂದು ಬೆಂಗಳೂರಿನ ರಾತ್ರಿ ಬಸ್ಸು ಹಿಡಿದರೆ ಅರ್ಧ ಯೋಚನೆ ಮುಗಿಯಿತು. ಯಶವಂತಪುರದಿಂದ ಗೋರಖಪುರಕ್ಕೆ ನೇರ ರೈಲಿದೆ. ಸ್ಲೀಪರ್ ಬೋಗಿಯಲ್ಲಿ ಸುಮಾರು ಎರಡು ದಿನ. ಇಳಿಯುವ ಗೋರಖಪುರದ ಪ್ಲಾಟ್‌ಫಾರ್ಮು 1,366 ಮೀಟರ್ ಉದ್ದದ್ದು. 2023ರಲ್ಲಿ ನಮ್ಮ ಹುಬ್ಬಳ್ಳಿ ಹಿಂದೆ ಹಾಕುವವರೆಗೆ ಜಗತ್ತಿನಲ್ಲೇ ಅತಿ ಉದ್ದದ ಪ್ಲಾಟ್‌ಫಾರ್ಮು ಇದೇ ಆಗಿತ್ತು. ಅಲ್ಲಿಂದ ಸೊನೌಲಿಗೆ ಸರಕಾರಿ ಬಸ್ಸಿನಲ್ಲಿ ಸುಮಾರು ನೂರು ಕಿಲೋಮೀಟರ್, ಮೂರು ಗಂಟೆ. ಗಡಿ ಹತ್ತಿರವಾದಂತೆ ರಸ್ತೆಯ ಬದಿಯಲ್ಲಿ ಲಾರಿಗಳ ಸಾಲು ಶುರುವಾಗುತ್ತದೆ. ಕಸ್ಟಮ್ಸ್ ಕಾಗದ ಆಗುವವರೆಗೆ ಅವುಗಳ ಚಾಲಕರು ಲಾರಿಯ ಅಡಿಯಲ್ಲೇ ಅಡುಗೆ ಮಾಡಿ ಉಣ್ಣುತ್ತಾರೆ.

1950ರ ಜುಲೈ 31ರಂದು ಆದ ಭಾರತ–ನೇಪಾಳ ಶಾಂತಿ ಮತ್ತು ಸ್ನೇಹ ಒಪ್ಪಂದದಿಂದ ಎರಡೂ ದೇಶದವರು ವೀಸಾ ಇಲ್ಲದೆ ಓಡಾಡಬಹುದು, ಕೆಲಸ ಮಾಡಬಹುದು. ಗಡಿ ಕಾಯುವವರು ಸಶಸ್ತ್ರ ಸೀಮಾ ಬಲದ ಜವಾನರು. ಚೀಲ ನೋಡುತ್ತಾರೆ, ಗುರುತಿನ ಚೀಟಿ ಕೇಳುತ್ತಾರೆ. ಮತದಾರರ ಚೀಟಿ ಅಥವಾ ಪಾಸ್‌ಪೋರ್ಟು ಜೊತೆಯಲ್ಲಿರಲಿ. 15ರಿಂದ 65ರ ನಡುವಿನ ವಯಸ್ಸಿನವರಿಗೆ ಆಧಾರ್ ಇಲ್ಲಿ ಅಧಿಕೃತ ಪ್ರಯಾಣದಾಖಲೆಯಲ್ಲ. ಆಧಾರೊಂದನ್ನೇ ಕಿಸೆಯಲ್ಲಿಟ್ಟುಕೊಂಡು ಹೊರಡುವವರು ಬಹಳ, ಅದಕ್ಕೇ ಹೇಳುತ್ತಿದ್ದೇನೆ.

ದುಡ್ಡಿನ ಲೆಕ್ಕವೂ ಸುಲಭ. ನಮ್ಮ 100 ರೂಪಾಯಿಗೆ ನೇಪಾಳದ 160. 1993ರಿಂದ ಈ ದರ ಕದಲಿಲ್ಲ. ಗಡಿಪೇಟೆಯಲ್ಲಿ ಬೆಲೆ ಹೇಳಿದರೆ ‘ಐಸಿಯೋ ಎನ್‌ಸಿಯೋ’ ಎಂದು ಕೇಳಿಕೊಳ್ಳಿ. ಐಸಿ ಎಂದರೆ ನಮ್ಮ ರೂಪಾಯಿ, ಎನ್‌ಸಿ ಅವರದ್ದು. ಬಸ್ಸಿನ ಟಿಕೆಟಿನಲ್ಲಿ ಇದನ್ನು ಕೇಳದೆ ಹೋದರೆ ಒಂದೂವರೆ ಪಟ್ಟಿಗಿಂತ ಹೆಚ್ಚು ತೆತ್ತಂತಾಗುತ್ತದೆ. 2018ರ ಡಿಸೆಂಬರಿನಲ್ಲಿ ನೇಪಾಳ ಸರಕಾರ ನೂರಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನು ನಿಷೇಧಿಸಿತ್ತು. ಈಗಿನ ನಿಯಮ ಏನೇ ಇರಲಿ, ನೂರರ ನೋಟಿನ ಕಟ್ಟೇ ಭದ್ರ.

ಬೇಲಹಿಯಾದಿಂದ ನಾಲ್ಕು ಕಿಲೋಮೀಟರ್ ಹೋದರೆ ಭೈರಹವಾ. ಅಲ್ಲಿಂದ ಕಠ್ಮಂಡುವಿನ ರಾತ್ರಿ ಬಸ್ಸುಗಳು ಸಂಜೆಯಿಂದ ಹೊರಡುತ್ತವೆ. ಬುಟವಲ್, ನಾರಾಯಣಘಾಟ್, ಮುಗ್ಲಿಂಗ್ ದಾಟಿ ಬೆಳಿಗ್ಗೆಗೆ ರಾಜಧಾನಿ. ಒಂದು ರಾತ್ರಿಯ ಲಾಡ್ಜು ಬಾಡಿಗೆ ಉಳಿಯುತ್ತದೆ ಎಂಬುದು ಎಲ್ಲರ ಲೆಕ್ಕ. ನನಗೆ ಈ ಲೆಕ್ಕ ಒಪ್ಪಿಗೆಯಿಲ್ಲ. ನಾರಾಯಣಘಾಟ್‌ನಿಂದ ಮುಗ್ಲಿಂಗ್‌ವರೆಗೆ ರಸ್ತೆಯ ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ತ್ರಿಶೂಲಿ ನದಿ. 2024ರ ಜುಲೈ 12ರ ಬೆಳಗಿನ ಜಾವ ಸಿಮಲ್ತಾಲ್ ಎಂಬಲ್ಲಿ ಗುಡ್ಡ ಜರಿದು, ಅರುವತ್ತಕ್ಕೂ ಹೆಚ್ಚು ಜನರಿದ್ದ ಎರಡು ಬಸ್ಸುಗಳನ್ನು ನದಿಗೆ ತಳ್ಳಿತು. ಬದುಕಿ ಬಂದವರು ಬೆರಳೆಣಿಕೆಯವರು. ಮರು ತಿಂಗಳು, ಆಗಸ್ಟ್ 23ರಂದು, ಹಾಡುಹಗಲೇ ಗೋರಖಪುರದ ನೋಂದಣಿಯ ಬಸ್ಸೊಂದು ತನಹುಂ ಜಿಲ್ಲೆಯಲ್ಲಿ ಮರ್ಸ್ಯಾಂಗ್ಡಿ ನದಿಗೆ ಉರುಳಿ 27 ಜನ ಸತ್ತರು. ಬಹುಪಾಲು ಮಹಾರಾಷ್ಟ್ರದ ಯಾತ್ರಿಕರು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಜರಿದದ್ದನ್ನೂ ಆಮೇಲೆ ರಾತ್ರಿ ಸಂಚಾರಕ್ಕೆ ತಡೆ ಬಿದ್ದದ್ದನ್ನೂ ಕಂಡ ಬೆಳ್ತಂಗಡಿ ತಾಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಹೋಗಲೇಬೇಡಿ. ಬೇರೆ ತಿಂಗಳಲ್ಲೂ ಗೋರಖಪುರದವರೆಗೆ ಎಷ್ಟು ಬೇಕಾದರೂ ರಾತ್ರಿ ಪ್ರಯಾಣ ಮಾಡಿ, ಭೈರಹವಾದಲ್ಲಿ ಮಲಗಿ, ಬೆಳಗಿನ ಬಸ್ಸು ಹತ್ತಿ.

ಹಾಗೆ ಉಳಿದ ದಿನ ವ್ಯರ್ಥವಾಗುವುದಿಲ್ಲ. ಬುದ್ಧ ಹುಟ್ಟಿದ ಲುಂಬಿನಿ ಅಲ್ಲಿಂದ 22 ಕಿಲೋಮೀಟರ್. ಪಟ್ಟಕ್ಕೆ ಬಂದ ಇಪ್ಪತ್ತನೆಯ ವರ್ಷದಲ್ಲಿ ಅಶೋಕ ಇಲ್ಲಿಗೆ ಬಂದು, ಊರಿನ ಬಲಿ ತೆರಿಗೆಯನ್ನು ಬಿಟ್ಟು, ಬೆಳೆಯಲ್ಲಿ ಎಂಟನೇ ಒಂದು ಪಾಲು ಮಾತ್ರ ಕೊಟ್ಟರೆ ಸಾಕೆಂದು ಕಂಬದ ಮೇಲೆ ಬರೆಸಿದ. 1896ರಲ್ಲಿ ಬೆಳಕಿಗೆ ಬಂದ ಆ ಕಂಬದ ಅಕ್ಷರಗಳು ಇನ್ನೂ ಕಾಣುತ್ತವೆ. ಅಲ್ಲಿ ದೊರೆ ತನ್ನನ್ನು ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂದು ಕರೆದುಕೊಂಡಿದ್ದಾನೆ. ಆ ದೇವಾನಾಂಪ್ರಿಯ ಅಶೋಕನೇ ಎಂದು ಲೋಕಕ್ಕೆ ಖಚಿತಪಡಿಸಿದ್ದು 1915ರಲ್ಲಿ ಸಿಕ್ಕ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿ ಶಾಸನ. ಕನ್ನಡಿಗರು ಆ ಕಂಬದ ಮುಂದೆ ತುಸು ಹೊತ್ತು ನಿಲ್ಲಬೇಕು.

ಕಠ್ಮಂಡುವಿನಲ್ಲೂ ನಮ್ಮವರಿದ್ದಾರೆ. ಪಶುಪತಿನಾಥನ ಲಿಂಗವನ್ನು ಮುಟ್ಟಿ ಪೂಜಿಸುವ ಹಕ್ಕು ಪರಂಪರೆಯಿಂದ ದಕ್ಷಿಣದ ಭಟ್ಟರಿಗೆ ಸೇರಿದ್ದು, ಅವರಲ್ಲಿ ಕರ್ನಾಟಕದವರೇ ಪ್ರಮುಖರು. 2009ರಲ್ಲಿ ಅವರನ್ನು ಬದಲಿಸುವ ಯತ್ನ ನಡೆದು ದೊಡ್ಡ ಗಲಾಟೆಯಾಯಿತು. ಪರಂಪರೆ ಉಳಿಯಿತು.

ಆದರೆ ಸೊನೌಲಿ ಯಾತ್ರಿಕರ ಬಾಗಿಲಿಗಿಂತ ಹೆಚ್ಚಾಗಿ ದುಡಿಯುವವರ ಬಾಗಿಲು. ನಮ್ಮ ಊರುಗಳ ಹೋಟೆಲಿನಲ್ಲಿ ದೋಸೆ ಹೊಯ್ಯುವ, ರಾತ್ರಿ ಕಾವಲು ಕಾಯುವ ನೇಪಾಳಿ ಹುಡುಗರಲ್ಲಿ ದೂರದ ಪಶ್ಚಿಮದವರು ಬನ್‌ಬಸಾ, ರುಪೈಡೀಹಾದಲ್ಲಿ ದಾಟುತ್ತಾರೆ. ನಡುನಾಡಿನ ಬಹಳ ಮಂದಿಗೆ ದಾರಿ ಇದೇ. ಹೆಗಲಿಗೊಂದು ಚೀಲ, ಕೈಯಲ್ಲಿ ಸುತ್ತಿದ ಕಂಬಳಿ, ಮಕ್ಕಳಿಗೆ ಕೊಂಡ ಆಟಿಕೆ ಪ್ಲಾಸ್ಟಿಕ್ ತೊಟ್ಟೆಯಿಂದ ಹೊರಗೆ ಇಣುಕುತ್ತಿರುತ್ತದೆ. ಕಡಿಮೆ ಖರ್ಚಿನಲ್ಲಿ ಗಡಿ ದಾಟುವ ವಿದ್ಯೆಯನ್ನು ಕಲಿಯುವುದಿದ್ದರೆ ಇವರಿಂದಲೇ ಕಲಿಯಬೇಕು. 2020ರ ಮಾರ್ಚಿನಲ್ಲಿ ಗಡಿ ಮುಚ್ಚಿದಾಗ ಊರಿನ ಹೊಸ್ತಿಲಲ್ಲೇ ಸಿಕ್ಕಿಬಿದ್ದವರೂ ಇವರೇ.

ನವರಾತ್ರಿಯ ಹೊತ್ತಿಗೆ ನೇಪಾಳದಲ್ಲಿ ದಸೈಂ. ಹಿರಿಯರ ಕೈಯಿಂದ ಹಣೆಗೆ ಟೀಕಾ ಇಡಿಸಿಕೊಳ್ಳಲು ಎಲ್ಲರೂ ಮನೆ ಸೇರಲೇಬೇಕು. ಆಗ ಗೋರಖಪುರದಿಂದಾಚೆಗೆ ಬಸ್ಸಿನ ಮಾಡಿನ ಮೇಲೂ ಜಾಗ ಇರುವುದಿಲ್ಲ. ಹಿಮಾಲಯ ನೋಡುವ ನಮಗೆ ಹವಾ ತಿಳಿಯಾಗುವ ನವೆಂಬರೇ ಮೇಲು. ದಸೈಂ ವಾರದ ಸೀಟುಗಳನ್ನು ಮನೆಗೆ ಹೊರಟವರಿಗೆ ಬಿಟ್ಟುಬಿಡೋಣ.