ನಕ್ಷೆ ಬೀರುವಿನಲ್ಲಿ, ನೀರು ಮನೆಯೊಳಗೆ

ಒಂದೇ ರಸ್ತೆ. ಹೋದ ತಿಂಗಳು ಡಾಂಬರು ಹಾಕಿದ್ರು. ಈ ತಿಂಗಳು ನೀರಿನ ಪೈಪ್ ಹಾಕೋಕೆ ಅಗೆದ್ರು. ಮುಂದಿನ ತಿಂಗಳು ಇಂಟರ್‌ನೆಟ್ ಕೇಬಲ್‌ಗೆ ಅಂತ ಮತ್ತೆ ಅಗೀತಾರೆ. ವೀಕ್ಷಕರೇ, ಈ ದೃಶ್ಯವನ್ನು ನಾವು ಟಿವಿಯಲ್ಲಿ ಎಷ್ಟು ಸಲ ತೋರಿಸಿದ್ದೇವೋ ಲೆಕ್ಕವಿಲ್ಲ. ಪ್ರತಿ ಸಲವೂ ಗುತ್ತಿಗೆದಾರನನ್ನು ಬೈತೀವಿ, ಎಂಜಿನಿಯರನ್ನು ಬೈತೀವಿ, ಸುಮ್ಮನಾಗ್ತೀವಿ. ಇವತ್ತು ನಾನು ಬೇರೊಂದು ಪ್ರಶ್ನೆ ಎತ್ತಬೇಕು ಅಂತಿದ್ದೇನೆ. ಅಗೆಯೋಕೆ ಮುಂಚೆ ಆ ಎಂಜಿನಿಯರ್ ಮುಂದೆ ಯಾವ ನಕ್ಷೆ ಇತ್ತು?

ಉತ್ತರ ಹುಡುಕುತ್ತಾ ಹೋದರೆ ಕಥೆ ಬಿಚ್ಚಿಕೊಳ್ಳುತ್ತೆ. ನೀರಿನ ಪೈಪು ಎಲ್ಲಿ ಹೋಗಿದೆ ಅನ್ನೋದು ನೀರು ಸರಬರಾಜಿನವರಿಗೆ ಗೊತ್ತು. ಕರೆಂಟಿನ ಕೇಬಲ್ ಎಲ್ಲಿದೆ ಅನ್ನೋದು ವಿದ್ಯುತ್ ಕಂಪನಿಗೆ ಗೊತ್ತು. ಕೆರೆ, ಹಳ್ಳ, ಕಾಲುವೆ ಎಲ್ಲಿತ್ತು ಅನ್ನೋದು ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿದೆ. ಯಾವ ಮನೆಗೆ ಎಷ್ಟು ತೆರಿಗೆ ಅನ್ನೋದು ಪಾಲಿಕೆಯ ಹತ್ತಿರ. ಎಲ್ಲರ ಹತ್ತಿರವೂ ನಕ್ಷೆ ಇದೆ, ಎಲ್ಲವೂ ಅವರವರ ಬೀರುವಿನಲ್ಲಿ ಅಥವಾ ಅವರವರ ಕಂಪ್ಯೂಟರಿನಲ್ಲಿ. ಆದರೆ ರಸ್ತೆ ಮಾತ್ರ ಒಂದೇ.

ಇಂಥ ಮಾಹಿತಿಯನ್ನು ಒಂದೇ ಕಡೆ ತಂದು ನೋಡುವ ವ್ಯವಸ್ಥೆಗೆ ಜಿಐಎಸ್ ಅಂತಾರೆ. ಹೆಸರು ಕೇಳಿ ಗಾಬರಿ ಆಗಬೇಡಿ. ಟ್ರೇಸಿಂಗ್ ಪೇಪರ್ ನೆನಪಿದೆಯಲ್ವಾ? ಒಂದು ಹಾಳೆಯಲ್ಲಿ ರಸ್ತೆ, ಇನ್ನೊಂದರಲ್ಲಿ ಪೈಪು, ಮತ್ತೊಂದರಲ್ಲಿ ಕಾಲುವೆ. ಮೂರನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಯಾವುದು ಯಾವುದನ್ನು ಅಡ್ಡ ಹಾಯುತ್ತೆ ಅಂತ ಕಾಣುತ್ತೆ. ಕಂಪ್ಯೂಟರ್ ಮಾಡೋದೂ ಅದನ್ನೇ. ಆದರೆ ಹಾಳೆಗಳು ಮೂರು ಕಚೇರಿಗಳಲ್ಲಿದ್ದರೆ ಎಂಥ ಕಂಪ್ಯೂಟರ್ ಇದ್ದರೂ ಏನೂ ಮಾಡಕ್ಕಾಗಲ್ಲ.

ಒಬ್ಬರ ಹತ್ತಿರ ಇರುವ ಮಾಹಿತಿ ಇನ್ನೊಬ್ಬರ ಕೈಗೆ ಹೋದರೆ ಏನಾಗುತ್ತೆ ಅನ್ನೋದಕ್ಕೆ ಒಂದು ಹಳೆಯ ಘಟನೆ ಹೇಳ್ತೀನಿ. 1854ರ ಲಂಡನ್. ಸೋಹೋ ಅನ್ನೋ ಬಡಾವಣೆಯಲ್ಲಿ ಕಾಲರಾ. ಆಗಸ್ಟ್ ಕೊನೆಯ ಹೊತ್ತಿಗೆ ಜನ ದಿನಕ್ಕೆ ಡಜನ್‌ಗಟ್ಟಲೆ ಸಾಯೋಕೆ ಶುರುವಾಯ್ತು. ಕೆಟ್ಟ ಗಾಳಿಯಿಂದ ರೋಗ ಬರುತ್ತೆ ಅಂತ ಆಗ ಬಹುತೇಕರ ನಂಬಿಕೆ. ಜಾನ್ ಸ್ನೋ ಅನ್ನೋ ವೈದ್ಯನಿಗೆ ಮಾತ್ರ ನೀರಿನ ಮೇಲೆ ಅನುಮಾನ. ಆತ ಮಾಡಿದ್ದೇನು ಗೊತ್ತಾ? ಜನನ ಮರಣ ನೋಂದಣಿ ಕಚೇರಿಗೆ ಹೋಗಿ ಸತ್ತವರ ಪಟ್ಟಿ ಕೇಳಿದ. ಅವರು ಕೊಟ್ಟರು. ಮೂರೇ ದಿನದಲ್ಲಿ 83 ಸಾವು. ವಿಳಾಸ ಹಿಡಿದು ಬೀದಿಗೆ ಇಳಿದು ನೋಡಿದರೆ ಹೆಚ್ಚುಕಮ್ಮಿ ಎಲ್ಲವೂ ಬ್ರಾಡ್ ಸ್ಟ್ರೀಟಿನ ಒಂದು ಸಾರ್ವಜನಿಕ ಪಂಪಿನ ಸುತ್ತಮುತ್ತ. ಅದೇ ಬೀದಿಯ ಬಿಯರ್ ಕಾರ್ಖಾನೆಯ ಕೆಲಸಗಾರರಲ್ಲಿ ಮಾತ್ರ ಒಬ್ಬರೂ ಸತ್ತಿರಲಿಲ್ಲ, ಅವರು ಆ ಪಂಪಿನ ನೀರು ಕುಡಿಯುತ್ತಿರಲಿಲ್ಲ. ಸೆಪ್ಟೆಂಬರ್ 7ರ ಸಂಜೆ ಸ್ನೋ ಸ್ಥಳೀಯ ಆಡಳಿತ ಮಂಡಳಿಯ ಮುಂದೆ ಇದನ್ನಿಟ್ಟ. ಮರುದಿನವೇ ಅವರು ಪಂಪಿನ ಹಿಡಿ ಕಳಚಿಸಿದರು. ಇಂದಿಗೂ ಪ್ರಸಿದ್ಧವಾಗಿರುವ ಆತನ ನಕ್ಷೆ ಅಚ್ಚಾಗಿದ್ದು ಆಮೇಲೆ.

ಅಷ್ಟು ಹೊತ್ತಿಗೆ ರೋಗ ಇಳಿಮುಖವಾಗಿತ್ತು ಅಂತ ಸ್ನೋ ಸ್ವತಃ ಒಪ್ಪಿದ್ದಾನೆ, ಹಾಗಾಗಿ ಹಿಡಿ ಕಳಚಿದ್ದರಿಂದಲೇ ಎಲ್ಲ ನಿಂತಿತು ಅಂತ ನಾನು ಹೇಳಲ್ಲ. ನನಗೆ ಮುಖ್ಯ ಅನ್ನಿಸೋದು ಬೇರೆ. ಸತ್ತವರ ಪಟ್ಟಿ ಒಂದು ಕಚೇರಿಯಲ್ಲಿತ್ತು, ಪಂಪಿನ ಅಧಿಕಾರ ಇನ್ನೊಂದು ಕಡೆ ಇತ್ತು. ಪಟ್ಟಿ ಕೊಡಲ್ಲ ಅಂತ ನೋಂದಣಿಯವರು ಅಂದಿದ್ದರೆ ಪಂಪಿನವರಿಗೆ ಏನೂ ಗೊತ್ತಾಗುತ್ತಿರಲಿಲ್ಲ.

ಈಗ ನಮ್ಮ ಬೆಂಗಳೂರಿಗೆ ಬನ್ನಿ. ಇದು ದಿಣ್ಣೆಯ ಮೇಲಿನ ಊರು. ಮಳೆ ನೀರು ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಕಣಿವೆಗಳಲ್ಲಿ ಇಳಿದು ಹೋಗುತ್ತೆ. ಹಿರಿಯರು ಆ ದಾರಿಯಲ್ಲೇ ಕೆರೆಗಳ ಸಾಲು ಕಟ್ಟಿದರು. ಮಡಿವಾಳ ತುಂಬಿದರೆ ಅಗರ, ಅಗರದಿಂದ ಬೆಳ್ಳಂದೂರು, ಅಲ್ಲಿಂದ ವರ್ತೂರು. ಕೆರೆಯಿಂದ ಕೆರೆಗೆ ನೀರು ಒಯ್ಯೋದೇ ರಾಜಕಾಲುವೆ. ನೀರಿಗೆ ವಾರ್ಡಿನ ಗಡಿ ಗೊತ್ತಿಲ್ಲ, ಇಲಾಖೆಯ ಗಡಿಯಂತೂ ಮೊದಲೇ ಗೊತ್ತಿಲ್ಲ. ಮೇಲಿನ ಕೆರೆ ಕೋಡಿ ಬಿದ್ದದ್ದು ಕೆಳಗಿನವರಿಗೆ ತಿಳಿಯದಿದ್ದರೆ ಅದು ಅವರ ಮನೆಯೊಳಗೆ ನೀರು ಬಂದಾಗಲೇ ತಿಳಿಯೋದು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಬಡಾವಣೆಗಳಲ್ಲಿ ಜನರನ್ನು ಟ್ರ್ಯಾಕ್ಟರ್‌ನಲ್ಲಿ, ದೋಣಿಯಲ್ಲಿ ಸಾಗಿಸಿದ್ದನ್ನು ಇಡೀ ದೇಶ ನೋಡಿತು.

ಆಮೇಲೆ ಬುಲ್ಡೋಜರ್ ಹೊರಟವು. 2016ರಲ್ಲೂ ಹೀಗೇ ಹೊರಟಿದ್ದವು. ಜೆಸಿಬಿ ಮುಂದೆ ನಿಂತವರ ಕೈಯಲ್ಲಿ ಖಾತೆ, ತೆರಿಗೆ ರಸೀದಿ, ಬ್ಯಾಂಕಿನ ಸಾಲದ ಕಾಗದ. ಸರ್ವೆಯರ್ ಕೈಯಲ್ಲಿ ಹಳೆಯ ಗ್ರಾಮ ನಕ್ಷೆ, ಅದರಲ್ಲಿ ಮನೆ ಇರುವ ಜಾಗದಲ್ಲಿ ಕಾಲುವೆಯ ಗೆರೆ. ಎರಡೂ ಸರ್ಕಾರದ್ದೇ ಕಾಗದ! ಗೊತ್ತಿದ್ದೇ ಕಾಲುವೆ ನುಂಗಿದವರ ಪರ ನಾನು ಮಾತಾಡ್ತಿಲ್ಲ. ಆದರೆ ಜೀವಮಾನದ ಉಳಿತಾಯ ಹಾಕಿ ಮೂವತ್ತು-ನಲವತ್ತರ ಸೈಟು ಕೊಂಡವನಿಗೆ, ಪ್ಲಾನ್ ಮಂಜೂರು ಮಾಡುವ ಮೇಜಿನ ಮೇಲೆ ಆ ಗ್ರಾಮ ನಕ್ಷೆಯೂ ತೆರೆದಿದ್ದರೆ ಮೊದಲ ದಿನವೇ ‘ಇಲ್ಲಿ ಬೇಡಪ್ಪ’ ಅಂತ ಹೇಳಬಹುದಿತ್ತು ಅಲ್ವಾ?

ಹಾಗಂತ ಏನೂ ಆಗಿಲ್ಲ ಅಂತಲ್ಲ. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ಕೆ-ಜಿಐಎಸ್ ಅನ್ನೋ ವ್ಯವಸ್ಥೆ ಕಟ್ಟಿದೆ. ದಿಶಾಂಕ್ ಆ್ಯಪ್ ಇದೆ. ನೀವು ನಿಂತ ಜಾಗದ ಸರ್ವೆ ನಂಬರ್ ಯಾವುದು ಅಂತ ಮೊಬೈಲಿನಲ್ಲೇ ತೋರಿಸುತ್ತೆ. ಸೈಟು ಕೊಳ್ಳುವ ಮುಂಚೆ ಒಮ್ಮೆ ನೋಡಿ, ಅನುಮಾನ ಬಂದರೆ ಸರ್ವೆ ಮಾಡಿಸಿ. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಗ್ರಾಮಠಾಣದ ಮನೆಗಳ ಅಳತೆ ತೆಗೆದಿದ್ದಾರೆ. ಸಾರ್ವಜನಿಕರ ದುಡ್ಡಿನಲ್ಲಿ ತಯಾರಾದ, ಗೋಪ್ಯವಲ್ಲದ ಸ್ಥಳ ಮಾಹಿತಿ ಸುಲಭವಾಗಿ ಸಿಗಬೇಕು ಅಂತ ಕೇಂದ್ರ ಸರ್ಕಾರ 2021ರ ಫೆಬ್ರವರಿಯಲ್ಲೇ ಮಾರ್ಗಸೂಚಿ ಹೊರಡಿಸಿದೆ.

ಅಗೆತದ ವಿಷಯಕ್ಕೂ ಆ್ಯಪ್ ಇದೆ. ‘ಕಾಲ್ ಬಿಫೋರ್ ಯು ಡಿಗ್’ ಅಂತ ಹೆಸರು. 2023ರ ಮಾರ್ಚ್ 22ರಂದು ಪ್ರಧಾನಿ ಮೋದಿ ಬಿಡುಗಡೆ ಮಾಡಿದ್ದು. ಅಗೆಯುವವರು ಜಾಗ ತಿಳಿಸಿದರೆ ಅಲ್ಲಿ ಪೈಪು, ಕೇಬಲ್ ಇರುವವರಿಗೆ ಸೂಚನೆ ಹೋಗುತ್ತೆ. ಹೇಳದೆ ಕೇಳದೆ ಅಗೆಯೋದರಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟ ಅಂತ ಆಗ ಸರ್ಕಾರವೇ ಅಂದಾಜು ಕೊಟ್ಟಿತ್ತು. ಆದರೆ ಪೈಪು ಎಲ್ಲಿದೆ ಅಂತ ಪೈಪಿನವರು ಮೊದಲು ದಾಖಲಿಸಿರಬೇಕು. ದಾಖಲೆಯೇ ಇಲ್ಲದಿದ್ದರೆ ಆ್ಯಪ್ ಯಾರಿಗೆ ಅಂತ ಸೂಚನೆ ಕಳಿಸಬೇಕು?

ಇಲ್ಲೇ ಇರೋದು ಅಸಲಿ ತೊಡಕು. ಹಂಚಿಕೊಳ್ಳೋದು ಅಂದರೆ ಒಂದು ಪಿಡಿಎಫ್ ಕಳಿಸಿ ಕೈತೊಳೆದುಕೊಳ್ಳೋದಲ್ಲ. ಮೊದಲನೆಯದು, ಎಲ್ಲರ ನಕ್ಷೆಯೂ ಒಂದೇ ಅಕ್ಷಾಂಶ ರೇಖಾಂಶದ ಲೆಕ್ಕಕ್ಕೆ ಕೂರಬೇಕು. ಸರಪಳಿ ಎಳೆದು ಅಳೆದ ಕಾಲದ ಗ್ರಾಮ ನಕ್ಷೆಯನ್ನು ಉಪಗ್ರಹದ ಚಿತ್ರದ ಮೇಲೆ ಇಟ್ಟರೆ ಗೆರೆ ಕೆಲವು ಅಡಿ ಆಚೀಚೆ ಹೋಗಬಹುದು, ಆ ಕೆಲವು ಅಡಿಯಲ್ಲೇ ಒಬ್ಬನ ಅಡುಗೆಮನೆ ಇರುತ್ತೆ. ಹಾಗಾಗಿ ಮನೆ ಮುಟ್ಟುವ ಮುಂಚೆ ಸ್ಥಳದ ಅಳತೆ ಆಗಲೇಬೇಕು. ಎರಡನೆಯದು, ಒಂದು ಆಸ್ತಿಗೆ ಎಲ್ಲ ಇಲಾಖೆಯಲ್ಲೂ ಒಂದೇ ಗುರುತಿನ ಸಂಖ್ಯೆ. ಮೂರನೆಯದು, ನಕ್ಷೆ ಯಾವ ದಿನಾಂಕದ್ದು ಅಂತ ಅದರ ಮೇಲೇ ಬರೆದಿರಬೇಕು. ನಾಲ್ಕನೆಯದು, ತಪ್ಪಿದ್ದರೆ ತಿದ್ದುವ ಹೊಣೆ ಯಾರದು ಅಂತ ಒಬ್ಬ ಅಧಿಕಾರಿಯನ್ನು ಗೊತ್ತು ಮಾಡಿರಬೇಕು.

ಎಲ್ಲವನ್ನೂ ಎಲ್ಲರಿಗೂ ತೋರಿಸಿಬಿಡಿ ಅಂತಲೂ ನಾನು ಹೇಳಲ್ಲ. ಯಾರ ಮನೆಯಲ್ಲಿ ಯಾವ ಕಾಯಿಲೆ ಇದೆ ಅನ್ನೋದು ಊರಿಗೆಲ್ಲ ಗೊತ್ತಾಗಬಾರದು. ಆದರೆ ಯಾವ ಬೀದಿಯಲ್ಲಿ ಎಷ್ಟು ಡೆಂಗೆ ಪ್ರಕರಣ ಅನ್ನೋದು ಚರಂಡಿ ನೋಡಿಕೊಳ್ಳುವ ಎಂಜಿನಿಯರ್‌ಗೆ ತಿಳಿಯಲೇಬೇಕು. ರಾಜಕಾಲುವೆಯ ಗೆರೆ ಎಲ್ಲಿದೆ ಅನ್ನೋದಂತೂ ಯಾರ ಖಾಸಗಿ ಗುಟ್ಟೂ ಅಲ್ಲ. ಅದು ಮುಚ್ಚಿಟ್ಟಷ್ಟೂ ಲಾಭ ಆಗೋದು ನುಂಗುವವರಿಗೆ.

ನೀವು ವಾರ್ಡ್ ಸಭೆಗೆ ಹೋಗ್ತೀರಿ, ಹಳ್ಳಿಯಲ್ಲಾದರೆ ಗ್ರಾಮಸಭೆಗೆ ಹೋಗ್ತೀರಿ. ಚರಂಡಿ ಕೊಡಿ, ಬೋರ್‌ವೆಲ್ ಕೊಡಿ, ರಸ್ತೆ ಕೊಡಿ ಅಂತ ಕೇಳ್ತೀರಿ. ಕೇಳಿ, ತಪ್ಪಲ್ಲ. ಜೊತೆಗೆ ಇನ್ನೊಂದು ಮಾತು ಸೇರಿಸಿ: ‘ಸ್ವಾಮಿ, ಈ ಕಾಮಗಾರಿ ಇಲ್ಲೇ ಆಗಬೇಕು ಅಂತ ತೀರ್ಮಾನ ಮಾಡೋಕೆ ಯಾವ ನಕ್ಷೆ ನೋಡಿದ್ರಿ? ಅದನ್ನ ಗೋಡೆಗೆ ಅಂಟಿಸಿ, ನಾವೂ ನೋಡ್ತೀವಿ.’ ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದ್ದೇ ಇದೆ. ಮುಂದಿನ ಮಳೆಗಾಲಕ್ಕೆ ಮುಂಚೆ ಒಂದು ಅರ್ಜಿ ಬರೆದು ಹಾಕಿ.