ನಿವೃತ್ತಿಯೂ ಮನೋಧೈರ್ಯವೂ

ಮನುಷ್ಯನ ಬಾಳಿನ ಸಂಧಿಕಾಲಗಳಲ್ಲಿ ಕೆಲವು ಸುಳಿವು ಕೊಡದೆ ಎರಗತಕ್ಕವು. ಕೆಲವು ತಮ್ಮ ಬರವಿನ ತಾರೀಖನ್ನು ಮೊದಲೇ ತಿಳಿಸಿ ಬರತಕ್ಕವು. ರೋಗ, ಮರಣ, ವ್ಯಾಪಾರದ ನಷ್ಟ ಇವು ಮೊದಲನೆಯ ವರ್ಗಕ್ಕೆ ಸೇರಿದವು. ಸರಕಾರಿ ನೌಕರನ ನಿವೃತ್ತಿಯಾದರೋ ಎರಡನೆಯ ವರ್ಗದ್ದು. ನೌಕರಿಗೆ ಸೇರಿದಾಗಲೇ ಸೇವಾ ಪುಸ್ತಕದಲ್ಲಿ ಜನ್ಮ ತಾರೀಖು ದಾಖಲಾಗುತ್ತದೆ; ಅದರಿಂದ ಲೆಕ್ಕ ಹಾಕಿದರೆ ಬಿಡುಗಡೆಯ ದಿನ ಯಾವುದೆಂಬುದನ್ನು ಮೂವತ್ತು ವರ್ಷ ಮುಂಚಿತವಾಗಿಯೇ ಹೇಳಬಹುದು. ಇಷ್ಟು ಮೊದಲೇ ಹೇಳಿ ಕಳುಹಿಸಿ ಬರುವ ಅತಿಥಿ ಮತ್ತೊಬ್ಬನಿಲ್ಲ. ಆದಾಗ್ಯೂ ಅವನನ್ನು ಎದುರುಗೊಳ್ಳಲು ಸಿದ್ಧರಾಗಿರುವವರು ನಮ್ಮಲ್ಲಿ ಬಹು ವಿರಳ. ಹಣದ ಸಿದ್ಧತೆಯನ್ನು ಅನೇಕರು ಮಾಡಿರುತ್ತಾರೆ. ಮನಸ್ಸಿನ ಸಿದ್ಧತೆಯನ್ನು ಮಾಡಿದವರನ್ನು ಬೆರಳಿನಲ್ಲಿ ಎಣಿಸಬಹುದು.

ನಮ್ಮ ನಾಡಿನಲ್ಲಿ ಈ ದಿನಕ್ಕೆ ಒಂದು ವೈಚಿತ್ರ್ಯವೂ ಉಂಟು. ಹಿಂದಿನ ತಲೆಮಾರಿನ ಮಕ್ಕಳನ್ನು ಶಾಲೆಗೆ ಸೇರಿಸುವಾಗ, ಜನನದ ದಾಖಲೆಯಿಲ್ಲದ ಕಡೆಗಳಲ್ಲಿ, ಉಪಾಧ್ಯಾಯರು ಶಾಲೆಯ ವರ್ಷಕ್ಕೆ ಒಗ್ಗುವಂತೆ ಜೂನ್ ತಿಂಗಳ ಒಂದು ತಾರೀಖನ್ನು ಬರೆದುಕೊಳ್ಳುವ ವಾಡಿಕೆಯಿತ್ತು. ಜೂನ್ 1ರಂದು ಹುಟ್ಟಿದವನೆಂದು ದಾಖಲಾದವನು ನಿಯಮದ ಪ್ರಕಾರ ಮೇ 31ರಂದೇ ನಿವೃತ್ತನಾಗತಕ್ಕವನು. ಆದುದರಿಂದ ಮೇ ತಿಂಗಳ ಕೊನೆಯ ದಿನ ಅನೇಕ ಕಚೇರಿಗಳಲ್ಲಿ ಬೀಳ್ಕೊಡುಗೆಯ ಸಮಾರಂಭ. ಶಾಲು, ಗಂಧದ ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಒಂದು ಭಾವಚಿತ್ರ. ಎದುರು ಕುಳಿತು ಮಾತನಾಡಲು ಅಂಜುತ್ತಿದ್ದವರು ಅಂದು ಎದ್ದುನಿಂತು ಅವರ ಗುಣಗಾನ ಮಾಡುತ್ತಾರೆ. ಮರುದಿನ ಬೆಳಗ್ಗೆ ಅದೇ ಮನುಷ್ಯ ಎಂದಿನಂತೆ ಐದು ಗಂಟೆಗೆ ಏಳುತ್ತಾನೆ, ಎಂದಿನಂತೆ ಸ್ನಾನ ಮಾಡುತ್ತಾನೆ. ಹತ್ತು ಗಂಟೆ ಬಡಿದಾಗ ತಾನು ಎಲ್ಲಿಗೂ ಹೋಗಬೇಕಾದದ್ದಿಲ್ಲವೆಂಬ ಅರಿವು ಮೂಡುತ್ತದೆ. ದೂರವಾಣಿ ಸದ್ದು ಮಾಡುವುದಿಲ್ಲ. ಬಾಗಿಲಲ್ಲಿ ಜವಾನನಿಲ್ಲ. ರುಜುವಿಗಾಗಿ ಕಾದಿರುವ ಕಡತವಿಲ್ಲ. ನೌಕರಿಯಿಂದ ನಿವೃತ್ತನಾಗುವುದು ಒಂದು ದಿನದ ಕೆಲಸ. ನೌಕರನೆಂಬ ಭಾವನೆಯಿಂದ ನಿವೃತ್ತನಾಗುವುದಕ್ಕೆ ವರ್ಷಗಳೇ ಹಿಡಿಯಬಹುದು.

ಈ ತಳಮಳವನ್ನು ಕೇವಲ ಅಹಂಕಾರವೆಂದು ಜರೆದು ಸುಮ್ಮನಾಗುವುದು ಅನ್ಯಾಯ. ಹೋಮ್ಸ್ ಮತ್ತು ರಾಹೆ ಎಂಬ ಇಬ್ಬರು ಅಮೇರಿಕದ ವೈದ್ಯರು 1967ರಲ್ಲಿ ಬಾಳಿನ ಬದಲಾವಣೆಗಳು ಮನುಷ್ಯನ ಮೇಲೆ ಹೇರುವ ಭಾರವನ್ನು ಅಂಕಗಳಲ್ಲಿ ಅಳೆದು ಒಂದು ಪಟ್ಟಿಯನ್ನು ಪ್ರಕಟಿಸಿದರು. 43 ಘಟನೆಗಳ ಆ ಪಟ್ಟಿಯಲ್ಲಿ ಪತಿ ಅಥವಾ ಪತ್ನಿಯ ಮರಣಕ್ಕೆ 100 ಅಂಕ, ವಿವಾಹಕ್ಕೆ 50, ನಿವೃತ್ತಿಗೆ 45. ಹಾರ ಹಾಕಿಸಿಕೊಂಡು ಮನೆಗೆ ಬಂದವನ ಹೊರೆ ಹೊಸದಾಗಿ ಮದುವೆಯಾದವನ ಹೊರೆಗಿಂತ ಬಹಳ ಕಡಿಮೆಯದೇನೂ ಅಲ್ಲವೆಂಬುದು ಇದರ ತಾತ್ಪರ್ಯ. ವ್ಯತ್ಯಾಸವೇನೆಂದರೆ ಮದುವೆಗೆ ಇಡೀ ಬಂಧುವರ್ಗ ತಿಂಗಳುಗಟ್ಟಲೆ ಸಿದ್ಧತೆ ನಡೆಸುತ್ತದೆ. ನಿವೃತ್ತಿಗೆ ಯಾರೂ ನಡೆಸುವುದಿಲ್ಲ.

ಹಾಗಾದರೆ ಕುರ್ಚಿಯ ಜೊತೆಯಲ್ಲಿ ಕಳೆದುಹೋಗುವುದು ನಿಜವಾಗಿ ಏನು? ಇದಕ್ಕೆ ಉತ್ತರವನ್ನು ಆಸ್ಟ್ರಿಯಾ ದೇಶದ ಒಂದು ಪುಟ್ಟ ಊರು ಕೊಟ್ಟಿದೆ. ವಿಯೆನ್ನಾ ನಗರಕ್ಕೆ ಸಮೀಪದ ಮರಿಯೆಂಟಾಲ್ ಎಂಬಲ್ಲಿ, ಊರಿಗೆಲ್ಲ ಅನ್ನ ಕೊಡುತ್ತಿದ್ದ ಬಟ್ಟೆಯ ಗಿರಣಿ ಜಗತ್ತಿನ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಮುಚ್ಚಿಹೋಯಿತು. ಮರಿ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ಎಂಬ ಮೂವರು ವಿದ್ವಾಂಸರು ತಮ್ಮ ಸಂಗಡಿಗರೊಡನೆ ಆ ಊರಿನ ಜೀವನವನ್ನು ಪರಿಶೀಲಿಸಿ 1933ರಲ್ಲಿ ವರದಿಯನ್ನು ಪ್ರಕಟಿಸಿದರು. ಕೆಲಸವಿಲ್ಲದವರಿಗೆ ಓದಲು ಹೊತ್ತು ಧಾರಾಳವಾಗಿತ್ತು. ಪುಸ್ತಕಾಲಯದ ಶುಲ್ಕವನ್ನೂ ತೆಗೆದುಹಾಕಿದ್ದರು. ಆದರೂ ಜನ ಒಯ್ಯುತ್ತಿದ್ದ ಪುಸ್ತಕಗಳ ಸಂಖ್ಯೆ ಹೆಚ್ಚುವ ಬದಲು ಸುಮಾರು ಅರ್ಧಕ್ಕೆ ಇಳಿಯಿತು. ಬೀದಿಯಲ್ಲಿ ನಡೆಯುವವರ ವೇಗವನ್ನು ಗಡಿಯಾರ ಹಿಡಿದು ಅಳೆದಾಗ, ಗಂಡಸರು ನಿಧಾನವಾಗಿ ನಡೆಯುತ್ತ ಹೆಜ್ಜೆಹೆಜ್ಜೆಗೆ ನಿಲ್ಲುತ್ತಿದ್ದರೆಂದೂ, ಹೆಂಗಸರು ಹಾಗೆ ನಿಲ್ಲುತ್ತಿರಲಿಲ್ಲವೆಂದೂ ಕಂಡುಬಂತು. ಹೆಂಗಸರಿಗೆ ಮನೆಯಲ್ಲಿ ಕೆಲಸವಿತ್ತು. ಗಂಡಸರಿಗೆ ಹೊತ್ತು ಮಾತ್ರ ಇತ್ತು.

ಮರಿಯೆಂಟಾಲಿನ ಬಡತನ ನಮ್ಮ ಪಿಂಚಣಿದಾರನಿಗೆ ಇಲ್ಲವೆಂಬುದು ನಿಜ. ಆದರೆ ಹೊತ್ತಿನ ಸಮಸ್ಯೆ ಎರಡು ಕಡೆಯೂ ಒಂದೇ. ಯಹೋಡಾ ಅವರು ಮುಂದೆ ಈ ವಿಷಯವನ್ನು ಬೆಳೆಸಿ, ಉದ್ಯೋಗವು ಸಂಬಳದ ಹೊರತಾಗಿ ಐದು ವಸ್ತುಗಳನ್ನು ಮನುಷ್ಯನಿಗೆ ಅವನ ಅರಿವಿಲ್ಲದೆಯೇ ಒದಗಿಸುತ್ತದೆಂದು ವಿವರಿಸಿದರು: ದಿನಕ್ಕೊಂದು ಕಟ್ಟುಪಾಡು, ಮನೆಯಾಚೆಯ ಜನರ ಒಡನಾಟ, ಹಲವರೊಡನೆ ಕೂಡಿ ಸಾಧಿಸುವ ಉದ್ದೇಶ, ಸಮಾಜದಲ್ಲಿ ಒಂದು ಸ್ಥಾನ, ಮತ್ತು ಬಿಡದೆ ನಡೆಯಿಸುವ ಚಟುವಟಿಕೆ. ಪಿಂಚಣಿಯ ಆಜ್ಞೆಯು ಸಂಬಳದ ಒಂದು ಭಾಗವನ್ನು ಹಿಂದಿರುಗಿಸುತ್ತದೆ. ಈ ಐದರಲ್ಲಿ ಒಂದನ್ನಾದರೂ ಹಿಂದಿರುಗಿಸುವ ಖಜಾನೆ ಯಾವ ತಾಲ್ಲೂಕಿನಲ್ಲಿಯೂ ಇಲ್ಲ. ಅವುಗಳನ್ನು ಅವನೇ ಸಂಪಾದಿಸಿಕೊಳ್ಳಬೇಕು.

ಅಧಿಕಾರಿವರ್ಗದವರು ವಿಶೇಷವಾಗಿ ಗಮನಿಸಬೇಕಾದ ಮತ್ತೊಂದು ಸಂಗತಿಯಿದೆ. ಲಂಡನ್ನಿನ ಸರಕಾರಿ ನೌಕರರ ಆರೋಗ್ಯವನ್ನು 1985ರಿಂದ ಅನುಸರಿಸಿಕೊಂಡು ಬಂದ ವೈಟ್‌ಹಾಲ್ ಅಧ್ಯಯನದ ಒಂದು ವರದಿ 2018ರಲ್ಲಿ ಪ್ರಕಟವಾಯಿತು. ನಿವೃತ್ತಿಗೆ ಮುಂಚೆ ಇದ್ದುದಕ್ಕಿಂತ ನಿವೃತ್ತಿಯ ಅನಂತರ ಮಾತುಗಳನ್ನು ನೆನಪಿನಲ್ಲಿಟ್ಟುಕೊಳ್ಳುವ ಶಕ್ತಿ ಹೆಚ್ಚು ವೇಗವಾಗಿ ಕುಂದುತ್ತದೆಂದು ಅದರಲ್ಲಿ ಕಂಡುಬಂತು. ಮೇಲಿನ ದರ್ಜೆಯ ಹುದ್ದೆಯಲ್ಲಿದ್ದವರಿಗೆ ಸೇವೆಯಲ್ಲಿದ್ದಷ್ಟು ಕಾಲ ಈ ಕುಂದಿನಿಂದ ಒಂದು ರಕ್ಷಣೆಯಿತ್ತು. ನಿವೃತ್ತರಾದ ಮೇಲೆ ಆ ರಕ್ಷಣೆ ಉಳಿಯಲಿಲ್ಲ. ದೊಡ್ಡ ಸಾಹೇಬರೂ ಚಿಕ್ಕ ಗುಮಾಸ್ತರೂ ಒಂದೇ ಸಮವಾದರು. ಬುದ್ಧಿಯನ್ನು ಹರಿತವಾಗಿಟ್ಟಿದ್ದದ್ದು ಪದವಿಯಲ್ಲ, ಪದವಿ ತಂದೊಡ್ಡುತ್ತಿದ್ದ ನಿತ್ಯದ ಕೆಲಸ ಎಂಬ ಅನುಮಾನಕ್ಕೆ ಇದು ಎಡೆಗೊಡುತ್ತದೆ.

ಇನ್ನು ನಮ್ಮ ನಾಡಿನ ಹಿರಿಯರ ಕಡೆಗೆ ನೋಡೋಣ. ಸರ್ ಎಂ. ವಿಶ್ವೇಶ್ವರಯ್ಯನವರು 1918ರ ಕೊನೆಯಲ್ಲಿ ಮೈಸೂರಿನ ದಿವಾನಗಿರಿಯಿಂದ ಹೊರಬಂದಾಗ ಅವರಿಗೆ 57 ವರ್ಷ. ಸಂಸ್ಥಾನದಲ್ಲಿ ಅದಕ್ಕಿಂತ ಮೇಲಿನ ಹುದ್ದೆ ಬೇರೊಂದಿರಲಿಲ್ಲ; ಅಲ್ಲಿಂದ ಮುಂದಿನದೆಲ್ಲ ಇಳಿಜಾರೆಂದು ಅವರು ಭಾವಿಸಬಹುದಾಗಿತ್ತು. ಆದರೆ 1920ರಲ್ಲಿ ಭಾರತದ ಪುನರ್ನಿರ್ಮಾಣವನ್ನು ಕುರಿತ ಗ್ರಂಥ, 1923ರಿಂದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತ, 1934ರಲ್ಲಿ ಯೋಜಿತ ಅರ್ಥವ್ಯವಸ್ಥೆಯ ಗ್ರಂಥ, ಹೀಗೆ ಕಾರ್ಯಪರಂಪರೆ ನಡೆಯಿತು. 1962ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ಅವರು ತೀರಿಕೊಂಡರು. ದಿವಾನರಾಗಿದ್ದದ್ದು ಆರು ವರ್ಷ. ಮಾಜಿ ದಿವಾನರಾಗಿದ್ದದ್ದು ನಾಲ್ವತ್ತಮೂರು ವರ್ಷ. ಅವರಿಗೆ ಮುಖ್ಯವಾಗಿದ್ದದ್ದು ಕೆಲಸ. ಅದನ್ನು ಯಾವ ಹೆಸರಿನ ಕುರ್ಚಿಯಲ್ಲಿ ಕುಳಿತು ಮಾಡಬೇಕೆಂಬುದಲ್ಲ.

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ನಿದರ್ಶನ ಇದಕ್ಕಿಂತಲೂ ಮನಸ್ಸಿಗೆ ಹತ್ತಿರವಾದದ್ದು; ಏಕೆಂದರೆ ಅವರು ಹೊರಬಂದದ್ದು ನೋವಿನ ಸಂದರ್ಭದಲ್ಲಿ. 1914ರಲ್ಲಿ ಮೈಸೂರು ಸಿವಿಲ್ ಸರ್ವೀಸಿಗೆ ಸೇರಿ ಹಿರಿಯ ಹುದ್ದೆಗಳಿಗೆ ಏರಿದ ಅವರಿಗೆ ಸಲ್ಲಬೇಕಾಗಿದ್ದ ಮಂತ್ರಿಪದವಿ ಅವರಿಗಿಂತ ಕಿರಿಯರಾದವರಿಗೆ ಸಂದಿತು. 1943ರಲ್ಲಿ ಅವರು ರಾಜೀನಾಮೆಯಿತ್ತರು. ಸೇವೆಯಲ್ಲಿದ್ದ ಯಾರಿಗೇ ಆಗಲಿ ಇದಕ್ಕಿಂತ ಕಹಿಯಾದ ವಿದಾಯವಿಲ್ಲ. ಆದರೆ ಮರುವರ್ಷವೇ ಅವರು ‘ಜೀವನ’ ಪತ್ರಿಕೆಯ ಸಂಪಾದಕತ್ವವನ್ನು ವಹಿಸಿಕೊಂಡು ಎರಡು ದಶಕಗಳ ಕಾಲ ನಡೆಸಿದರು. ‘ಚೆನ್ನಬಸವನಾಯಕ’ ಬಂದದ್ದು ಆ ಮೇಲೆ. 1983ರ ಜ್ಞಾನಪೀಠ ಪ್ರಶಸ್ತಿಗೆ ಕಾರಣವಾದ ‘ಚಿಕವೀರ ರಾಜೇಂದ್ರ’ ಬಂದದ್ದೂ ಆ ಮೇಲೆ, 1956ರಲ್ಲಿ. ಮುಪ್ಪಿನಲ್ಲಿಯೂ ಗವೀಪುರದ ಮನೆಯಿಂದ ಬಸವನಗುಡಿಯ ಕ್ಲಬ್ಬಿಗೆ ನಡೆದುಹೋಗಿ ಗೆಳೆಯರೊಡನೆ ಇಸ್ಪೀಟಾಡುವುದನ್ನು ಅವರು ಬಿಡಲಿಲ್ಲ. 1986ರಲ್ಲಿ ತೀರಿಕೊಳ್ಳುವ ವೇಳೆಗೆ ರಾಜೀನಾಮೆಯಿತ್ತು ನಾಲ್ವತ್ತಮೂರು ವರ್ಷಗಳಾಗಿದ್ದುವು.

ಈ ಧೈರ್ಯ ರಾಜೀನಾಮೆಯ ಮರುದಿನ ಆಕಾಶದಿಂದ ಬಿದ್ದದ್ದಲ್ಲವೆಂಬುದನ್ನು ವಾಚಕರು ಲಕ್ಷಿಸಬೇಕು. ಮಾಸ್ತಿಯವರ ಮೊದಲ ಕಥಾಸಂಗ್ರಹ ಹೊರಬಿದ್ದದ್ದು 1920ರಲ್ಲಿ. ಅಂದರೆ ಹಗಲು ಕಂದಾಯದ ಕಾಗದಪತ್ರಗಳನ್ನು ನೋಡುತ್ತಿದ್ದ ಅಧಿಕಾರಿಯ ಪಕ್ಕದಲ್ಲಿ, ಸೇವೆಗೆ ಸೇರಿದ ಕೆಲವೇ ವರ್ಷಗಳಿಂದ, ಶ್ರೀನಿವಾಸನೆಂಬ ಕಥೆಗಾರನೂ ಬೆಳೆಯುತ್ತಿದ್ದ. ಸರಕಾರ ಒಂದು ಬಾಗಿಲನ್ನು ಮುಚ್ಚಿದಾಗ ಅವರು ಹೊಸ ಮನೆಯನ್ನು ಕಟ್ಟಬೇಕಾಗಲಿಲ್ಲ. ಕಟ್ಟಿದ್ದ ಮನೆಗೆ ಹೋಗಿ ಇರಬೇಕಾಗಿತ್ತು, ಅಷ್ಟೆ. ನಾವು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಮನೋಧೈರ್ಯವು ಸಂಕಟದ ದಿನ ಹುಟ್ಟತಕ್ಕದ್ದಲ್ಲ. ಭವಿಷ್ಯನಿಧಿಯಂತೆ ತಿಂಗಳು ತಿಂಗಳೂ ಸ್ವಲ್ಪಸ್ವಲ್ಪವಾಗಿ ಕಟ್ಟಿಟ್ಟುಕೊಳ್ಳತಕ್ಕದ್ದು. ಯಾವ ನೇಮಕದ ಆಜ್ಞೆಯೂ ಕೊಡದ, ಆದುದರಿಂದ ಯಾವ ಬಿಡುಗಡೆಯ ಆಜ್ಞೆಯೂ ಕಸಿದುಕೊಳ್ಳಲಾರದ ಒಂದು ಕೆಲಸ ಪ್ರತಿಯೊಬ್ಬನಿಗೂ ಇರಬೇಕು. ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟವನಿಗೆ ನೀರು ಸಿಕ್ಕುವುದಿಲ್ಲ.

“ಅವರು ಮಹಾಪುರುಷರು, ನಾವು ಸಾಮಾನ್ಯರು” ಎಂದು ಕೆಲವರು ಆಕ್ಷೇಪಿಸಬಹುದು. ದ್ವಿತೀಯ ದರ್ಜೆ ಸಹಾಯಕನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು ಕಾದಂಬರಿ ಬರೆಯಬೇಕಾದದ್ದಿಲ್ಲ. ಅವನಲ್ಲಿಯೂ ಊರಿಗೆ ಬೇಕಾದ ಐಶ್ವರ್ಯವಿದೆ. ಪಹಣಿಯಲ್ಲಿ ತಪ್ಪು ಬಿದ್ದರೆ ಯಾರಿಗೆ ಅರ್ಜಿ ಕೊಡಬೇಕು, ಖಾತೆ ಬದಲಾವಣೆಗೆ ಯಾವ ಕಾಗದ ಬೇಕು, ವಿಧವಾ ವೇತನ ಏಕೆ ನಿಂತುಹೋಗಿದೆ, ಇವುಗಳನ್ನು ಬಲ್ಲವರಿಲ್ಲದೆ ಬಡವರು ಕಚೇರಿಯ ಮೆಟ್ಟಿಲನ್ನು ಸವೆಸುತ್ತಿದ್ದಾರೆ. ವಾರದಲ್ಲಿ ಎರಡು ಸಂಜೆ ದೇವಸ್ಥಾನದ ಜಗುಲಿಯಲ್ಲಿಯೋ ಗ್ರಂಥಾಲಯದಲ್ಲಿಯೋ ಕುಳಿತು, ಕಾಸು ಮುಟ್ಟದೆ, ಅವರಿಗೆ ಅರ್ಜಿ ಬರೆದುಕೊಟ್ಟರೆ ಯಹೋಡಾ ಅವರು ಹೇಳಿದ ಐದೂ ಒಟ್ಟಿಗೆ ಕೈಸೇರಿದಂತೆ. ಕಾಸು ಮುಟ್ಟಿದರೆ ಮಾತ್ರ ಅವನು ದಲ್ಲಾಳಿಯಾದ; ಹಳೆಯ ಕುರ್ಚಿಯ ನೆರಳನ್ನು ಮಾರತೊಡಗಿದ. ಉಪಾಧ್ಯಾಯನಿಗೆ ಗಣಿತವುಂಟು, ದಾದಿಗೆ ಶುಶ್ರೂಷೆಯುಂಟು, ಅರಣ್ಯದ ಗಾರ್ಡಿಗೆ ಗಿಡಮರಗಳ ಪರಿಚಯವುಂಟು. ಯಾವುದೂ ಇಲ್ಲದವನಿಗೆ ಐವತ್ತೈದನೆಯ ವಯಸ್ಸಿನಲ್ಲಿ ಕಲಿಯಲು ಅಡ್ಡಿಯೇನೂ ಇಲ್ಲ.

ಹಣದ ವಿಷಯದಲ್ಲಿ ಒಂದೆರಡು ಮಾತು ಸಾಕು. ಸಂಚಿತವಾಗಿ ಕೈಗೆ ಬಂದ ಮೊತ್ತವನ್ನು ಮೊದಲ ಆರು ತಿಂಗಳಲ್ಲಿ ಮನೆ, ಮದುವೆ, ಮಕ್ಕಳ ವ್ಯಾಪಾರ ಎಂದು ಕರಗಿಸುವುದು ವಿವೇಕವಲ್ಲ; ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು. 2006ರ ಏಪ್ರಿಲಿನಿಂದೀಚೆಗೆ ರಾಜ್ಯದ ಸೇವೆಗೆ ಸೇರಿದವರನ್ನು ಖಚಿತ ಪಿಂಚಣಿಗೆ ಬದಲಾಗಿ ವಂತಿಗೆಯ ಯೋಜನೆಗೆ ಒಳಪಡಿಸಿದ್ದರಿಂದ ಅವರಿಗೆ ಈ ಎಚ್ಚರ ಇನ್ನಷ್ಟು ಅಗತ್ಯ.

ಇದಕ್ಕಿಂತ ಕಡಿಮೆ ಚರ್ಚೆಗೆ ಬಂದಿರುವುದೂ ಹೆಚ್ಚು ಗಂಭೀರವಾದುದೂ ಆದ ಪ್ರಶ್ನೆ ಗೃಹದ್ದು. ಮೂವತ್ತೈದು ವರ್ಷ ಹತ್ತರಿಂದ ಆರರವರೆಗೆ ಮನೆಯಲ್ಲಿಲ್ಲದ ಯಜಮಾನ ಇದ್ದಕ್ಕಿದ್ದಂತೆ ದಿನವಿಡೀ ಮನೆಯಲ್ಲಿ ನೆಲೆಗೊಳ್ಳುತ್ತಾನೆ. ಆಜ್ಞೆ ಮಾಡಿ ಅಭ್ಯಾಸವಾದ ನಾಲಗೆಗೆ ಕೈಕೆಳಗಿನವರು ಯಾರೂ ಸಿಕ್ಕದಾದಾಗ ಅದು ಅಡಿಗೆಮನೆಯ ಕಡೆಗೆ ತಿರುಗುತ್ತದೆ. ಸಾರಿಗೆ ಉಪ್ಪೇಕೆ, ಹಾಲಿನವನ ಲೆಕ್ಕವೆಲ್ಲಿ, ಸೊಸೆ ಎಷ್ಟು ಗಂಟೆಗೆ ಎದ್ದಳು ಎಂಬ ವಿಚಾರಣೆಗಳು ಪ್ರಾರಂಭವಾಗುತ್ತವೆ. ಆ ಮನೆಯನ್ನು ಇಷ್ಟು ವರ್ಷ ನಡೆಯಿಸಿದ ಗೃಹಿಣಿಗೆ ನಿವೃತ್ತಿಯ ವಯಸ್ಸನ್ನು ಯಾವ ಶಾಸನವೂ ಗೊತ್ತುಪಡಿಸಿಲ್ಲವೆಂಬುದು ಅವನಿಗೆ ಹೊಳೆಯುವುದಿಲ್ಲ. ಬೆಳಗಿನ ಕಾಫಿಯನ್ನು ಅವನೇ ಕಾಯಿಸಿ ಆಕೆಗೂ ಒಂದು ಲೋಟ ಕೊಟ್ಟರೆ ಎರಡು ಬಾಳುಗಳು ಹಗುರವಾದಾವು. ಕಚೇರಿಯಿಂದ ನಿವೃತ್ತಳಾದ ಸ್ತ್ರೀಯ ಪರಿಸ್ಥಿತಿ ಮತ್ತೂ ವಿಚಿತ್ರ: ಆಕೆ ಎರಡು ನೌಕರಿಗಳಲ್ಲಿ ಒಂದರಿಂದ ಮಾತ್ರ ಬಿಡುಗಡೆ ಹೊಂದಿದವಳು, ಎರಡನೆಯದು ಅಂದಿನಿಂದ ಇಮ್ಮಡಿಯಾಗದಂತೆ ನೋಡಿಕೊಳ್ಳುವುದು ಮನೆಮಂದಿಯ ಕರ್ತವ್ಯ.

ಮೊದಲ ಕೆಲವು ತಿಂಗಳ ಬೇಸರ ಸಹಜವಾದದ್ದು, ಅದಕ್ಕೆ ನಾಚಬೇಕಾಗಿಲ್ಲ. ಆದರೆ ನಿದ್ರೆ, ಹಸಿವು, ಮಾತಿನ ಆಸಕ್ತಿ ಇವೆಲ್ಲವೂ ಎರಡು ವಾರಗಳಿಗೂ ಮೀರಿ ಕುಂದಿದ್ದರೆ ಅದು ಬೇಸರವಲ್ಲ, ರೋಗವಿರಬಹುದು. ವೈದ್ಯರಿಂದ ಗುಣವಾಗತಕ್ಕ ರೋಗ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಟೆಲಿ ಮಾನಸ್ ಎಂಬ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಮಾತನಾಡಬಹುದು; ಅದಕ್ಕೆ ಮಾರ್ಗದರ್ಶನ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯದು. ಸಕ್ಕರೆ ಕಾಯಿಲೆಗೆ ಮದ್ದು ತೆಗೆದುಕೊಳ್ಳಲು ಸಂಕೋಚವಿಲ್ಲದವರು ಇದಕ್ಕೆ ಸಂಕೋಚಪಡುವುದು ತರವಲ್ಲ.

ಸರಕಾರಕ್ಕೂ ಒಂದು ಮಾತು. ಅರವತ್ತನ್ನು ಮುಟ್ಟಿದವರಿಗೆ ಸರಾಸರಿಯಲ್ಲಿ ಇನ್ನೂ ಹದಿನೇಳು ಹದಿನೆಂಟು ವರ್ಷಗಳ ಆಯುಷ್ಯವಿದೆ. ಸೇವೆಗೆ ಸೇರುವವರಿಗೆ ತರಬೇತಿ ಕೊಡುವ ಇಲಾಖೆಗಳು ಸೇವೆಯಿಂದ ಹೊರಡುವವರಿಗೂ, ಕೊನೆಯ ವರ್ಷದಲ್ಲಿ ಕೆಲವು ದಿನಗಳಾದರೂ, ದಂಪತಿಗಳನ್ನು ಒಟ್ಟಿಗೆ ಕರೆದು ತಿಳುವಳಿಕೆ ಕೊಡುವುದು ಯುಕ್ತ. ಪಿಂಚಣಿಯ ಕಾಗದಗಳು ಬೀಳ್ಕೊಡುಗೆಯ ದಿನವೇ ಕೈಸೇರುವಂತಾದರೆ ಶಾಲಿಗಿಂತ ಹೆಚ್ಚಿನ ಮರ್ಯಾದೆಯಾಗುತ್ತದೆ.

ನಮ್ಮ ಪೂರ್ವಿಕರು ಗೃಹಸ್ಥಾಶ್ರಮದ ತರುವಾಯ ವಾನಪ್ರಸ್ಥವೆಂಬ ಇನ್ನೊಂದು ಆಶ್ರಮವನ್ನು ಕಲ್ಪಿಸಿ, ಅದಕ್ಕೆ ಅದರದೇ ಆದ ಧರ್ಮವನ್ನೂ ದಿನಚರಿಯನ್ನೂ ವಿಧಿಸಿದರು. ಬಾಳಿನ ಆ ಭಾಗವನ್ನು ಅವರು ಬರಿದಾಗಿ ಬಿಡಲಿಲ್ಲವೆಂಬುದೇ ಗಮನಾರ್ಹ. ಇಂದು ಕಾಡಿಗೆ ಹೋಗಬೇಕಾದದ್ದಿಲ್ಲ. ಬೀದಿಯ ಕೊನೆಯಲ್ಲಿರುವ ಶಾಲೆಗೆ ಹೋದರೂ ಆಯಿತು. ಈಗ ಸೇವೆಯಲ್ಲಿರುವವರು ಸೇವಾ ಪುಸ್ತಕದಲ್ಲಿನ ತಮ್ಮ ಜನ್ಮ ತಾರೀಖನ್ನು ಒಮ್ಮೆ ನೋಡಿಕೊಂಡು, ಆ ದಿನದ ಮರುದಿನ ಹತ್ತು ಗಂಟೆಗೆ ತಾವು ಎಲ್ಲಿರಬೇಕೆಂಬುದನ್ನು ಇಂದೇ ನಿಶ್ಚಯಿಸಿಕೊಳ್ಳಲೆಂದು ನಾವು ಆಶಿಸುತ್ತೇವೆ.